ಮೆಟ್ಟಿಲ ಮೇಲಿನ ಸೊನ್ನೆ

ಆ ಕಚೇರಿಯಲ್ಲಿ ಕಟ್ಟಡಗಳಿಗೆ ಹೆಸರಿರಲಿಲ್ಲ. ಸಂಖ್ಯೆ ಮಾತ್ರ ಇತ್ತು. ಹೆರಿಗೆ ಆಸ್ಪತ್ರೆ ನಲವತ್ತೊಂದು, ಗ್ರಂಥಾಲಯ ಎಪ್ಪತ್ತಾರು, ಬಾಗಿಲು ಮುಚ್ಚಿದ ಚಿತ್ರಮಂದಿರ ಎಂಬತ್ತೆರಡು. ಹೆಸರು ಕಂಡೊಡನೆ ಸಹಿ ಮಾಡುವ ಕೈ ಹಿಂಜರಿಯುತ್ತದೆ, ಇದು ಬೇಕಾದವರ ಮನೆಯೋ ದೊಡ್ಡವರ ಮಳಿಗೆಯೋ ಎಂದು ಯೋಚಿಸತೊಡಗುತ್ತದೆ ಎಂಬುದು ಸಂಸ್ಥೆಯನ್ನು ಕಟ್ಟಿದ ಹಿರಿಯ ಇಂಜಿನಿಯರರ ಅಭಿಪ್ರಾಯವಾಗಿತ್ತು. ಅವರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಈಗಿನ ಮುಖ್ಯಸ್ಥೆ ಅವರ ಮಗಳು. ತಂದೆಯ ಪದ್ಧತಿಯನ್ನು ಆಕೆ ಕೂದಲೆಳೆಯಷ್ಟೂ ಸಡಿಲಿಸಿರಲಿಲ್ಲ.

ನೆಲ ಕುಸಿಯುತ್ತಿದೆಯೇ ಎಂದು ಅಳೆಯುವುದು ಆ ಸಂಸ್ಥೆಯ ಕಸುಬು. ಪಕ್ಕದಲ್ಲಿ ಯಾರಾದರೂ ಆಳವಾದ ಪಾಯ ತೋಡಿದರೆ ಹಳೆಯ ಕಟ್ಟಡಗಳು ಮೆಲ್ಲನೆ ಕುಳಿತುಕೊಳ್ಳುತ್ತವೆ. ಬಿರುಕು ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದುದರಿಂದ ಅಂಥ ಕಟ್ಟಡಗಳ ಗೋಡೆಗೆ ಬೆರಳುದ್ದದ ಉಕ್ಕಿನ ಮೊಳೆ ಹೊಡೆದು, ಆ ಮೊಳೆ ನಿನ್ನೆಗಿಂತ ಎಷ್ಟು ಇಳಿದಿದೆ ಎಂದು ದಿನ ಬೆಳಗ್ಗೆ ನೋಡುತ್ತಿದ್ದರು. ಎಲ್ಲ ಅಳತೆಗೂ ಆರಂಭ ಒಂದೇ: ಕಚೇರಿಯ ಮುಂಬಾಗಿಲ ಮೇಲ್ಮೆಟ್ಟಿಲಿನಲ್ಲಿ ಹುದುಗಿಸಿದ್ದ ಹಿತ್ತಾಳೆಯ ಗುಂಡಿ. ಅದು ಸೊನ್ನೆ. ಊರಿನ ಪ್ರತಿಯೊಂದು ಗೋಡೆಯೂ ಆ ಸೊನ್ನೆಗಿಂತ ಇಷ್ಟು ಮೇಲೆ, ಇಷ್ಟು ಕೆಳಗೆ ಎಂದೇ ಅಲ್ಲಿ ಬದುಕುತ್ತಿತ್ತು. ಒಳಗೆ ಗೋಡೆಯ ಮೇಲೆ ಹಿರಿಯರ ಕೈಬರಹದ ನಿಯಮವೊಂದು ಚೌಕಟ್ಟಿನಲ್ಲಿ ನೇತಾಡುತ್ತಿತ್ತು: “ರಾತ್ರಿ ಬೆಳಗಾಗುವಷ್ಟರಲ್ಲಿ ಐದು ಮಿಲಿಮೀಟರ್ ಇಳಿದರೆ, ಮೊದಲು ಜನ ಹೊರಗೆ, ಮಾತು ಆಮೇಲೆ.”

ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿಯೊಬ್ಬಳು ಆರು ವಾರಗಳ ಇಂಟರ್ನ್‌ಶಿಪ್ಪಿಗೆಂದು ಅಲ್ಲಿಗೆ ಬಂದಳು. ಕೊನೆಗೆ ಮುಖ್ಯಸ್ಥೆಯ ಪತ್ರವೊಂದನ್ನು ಶಾಲೆಗೆ ಒಪ್ಪಿಸಬೇಕಾಗಿತ್ತು. ಅವಳಿಗೆ ಜಾಗ ಕೊಡಿಸಿದವಳು ಅವಳ ಚಿಕ್ಕಮ್ಮ. ಕಚೇರಿಯ ನಕಾಶೆಗಾರ್ತಿಯಾಗಿದ್ದ ಚಿಕ್ಕಮ್ಮ ಇಪ್ಪತ್ತೆರಡು ವರ್ಷಗಳಿಂದ ನೆಲಮಾಳಿಗೆಯ ನಕಾಶೆ ಕೋಣೆಯಲ್ಲಿ ಕುಳಿತು ಕಣ್ಣು ಸವೆಸಿದ್ದಳು. ತಾಯಿಯಿಲ್ಲದ ಆ ಹುಡುಗಿಯನ್ನು ಮೂರು ವರ್ಷದ ಮಗುವಾಗಿದ್ದಾಗಿನಿಂದ ಸಾಕಿದವಳೂ ಅವಳೇ.

“ಇಲ್ಲಿ ನಾನು ನಿನ್ನ ಚಿಕ್ಕಮ್ಮ ಅಲ್ಲ,” ಎಂದಳು ಮೊದಲ ದಿನ. “ಯಾರಾದ್ರೂ ಬೈದ್ರೆ ಓಡಿ ಬಂದು ನನ್ನ ಸೆರಗು ಹಿಡ್ಕೋಬೇಡ.”

“ನೀನೇ ಬೈದ್ರೆ?”

“ಆಗ ಮನೆಗೆ ಬಂದು ಚಿಕ್ಕಮ್ಮನ ಹತ್ರ ದೂರು ಹೇಳು.”

ಅಳತೆಗೆ ಹೋಗುವಾಗ ಅವಳಿಗೆ ಜೊತೆಯಾದವರು ಸರ್ವೇಯರ್. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ನಾಲಗೆಗೆ ಬಿಡುವಿಲ್ಲದ ಮನುಷ್ಯ. ಅವಳನ್ನು ಕಂಡ ಗಳಿಗೆಯಿಂದಲೇ ‘ಮರಿ ಇಂಜಿನಿಯರ್’ ಎಂದು ಕರೆಯತೊಡಗಿದರು. ಬಲಗಣ್ಣಿಗೆ ಪೊರೆ ಬಂದಿತ್ತು. ಆದ ಕಾರಣ ಎರಡನೆಯ ವಾರದ ಹೊತ್ತಿಗೆ ಅವರು ಅಳತೆ ಕೋಲನ್ನು ಹಿಡಿದು ನಿಲ್ಲುವುದೂ, ಮುಕ್ಕಾಲಿಯ ಮೇಲಿನ ದೂರದರ್ಶಕಕ್ಕೆ ಕಣ್ಣಿಟ್ಟು ಅವಳು ಅಂಕಿ ಓದುವುದೂ ರೂಢಿಯಾಯಿತು. ಈ ವಿಷಯ ಮುಖ್ಯಸ್ಥೆಗೆ ತಿಳಿದಿತ್ತೋ ಇಲ್ಲವೋ, ಯಾರೂ ಹೇಳಲು ಹೋಗಲಿಲ್ಲ.

ಮೊದಲ ಸಲ ಅಂಕಿಗಳನ್ನು ಹಾಳೆಗೆ ಇಳಿಸಿದಾಗ ಅವಳು ಗಾಬರಿಯಾದಳು. ಆಸ್ಪತ್ರೆಯ ಮೊಳೆ ಇರಬೇಕಾದ ಜಾಗಕ್ಕಿಂತ ಆರು ನೂರ ನಲವತ್ತೇಳು ಮಿಲಿಮೀಟರ್ ಮೇಲಿತ್ತು. ಗ್ರಂಥಾಲಯದ್ದೂ ಅಷ್ಟೇ. ಚಿತ್ರಮಂದಿರದ್ದೂ ಅಷ್ಟೇ.

“ಸಾರ್, ನಾನು ಎಲ್ಲಾನೂ ತಪ್ಪು ಓದಿದೀನಿ.”

“ಸರಿಯಾಗೇ ಓದಿದೀಯ. ಕೆಳಗೆ ಹೋಗಿ ನಿನ್ನ ಚಿಕ್ಕಮ್ಮನ ಹತ್ರ ತಿದ್ದುಪಡಿ ಪುಸ್ತಕ ತಗೊಂಡು, ಕೊನೇ ಸಾಲಿನ ಅಂಕಿ ಎಲ್ಲದರಿಂದಲೂ ಕಳಿ. ಅದು ಉಪಕರಣದ ಗುಣ.”

“ಯಾವ ಉಪಕರಣದ್ದು? ಇದು ಹೊಸದಲ್ವಾ?”

“ನಾಲ್ಕನೇದು. ಹಿಂದಿನ ಮೂರಕ್ಕೂ ಇದೇ ಗುಣ ಇತ್ತು. ಏನ್ಮಾಡೋದು ಹೇಳು, ಒಂದೇ ಮನೆಗೆ ಬಂದ ಸೊಸೆಯಂದಿರ ಹಾಗೆ, ಬಂದ ಆರು ತಿಂಗಳಿಗೆ ಎಲ್ಲಾ ಒಂದೇ ಥರ ಆಗ್ತವೆ.”

ತಿದ್ದುಪಡಿ ಪುಸ್ತಕ ಉದ್ದನೆಯ, ಬಟ್ಟೆಯ ರಟ್ಟಿನ ದಪ್ಪ ಪುಸ್ತಕ. ಅದರ ಮೊದಲ ಸಾಲನ್ನು ನಲವತ್ತು ವರ್ಷಗಳ ಹಿಂದೆ ಹಿರಿಯರೇ ಬರೆದಿದ್ದರು: ಒಂದು ಮಿಲಿಮೀಟರ್. ಮರು ತಿಂಗಳು ಎರಡು. ಹೀಗೆ ತಿಂಗಳಿಗೊಂದು ಸಾಲು, ಸಾಲಿಗೆ ಒಂದೋ ಎರಡೋ ಹೆಚ್ಚು. ಹಿರಿಯರ ಅಕ್ಷರ ಮುಗಿದು ಇನ್ನೊಬ್ಬರ ಅಕ್ಷರ. ಅದೂ ಮುಗಿದು ಇಪ್ಪತ್ತೆರಡು ವರ್ಷ ಚಿಕ್ಕಮ್ಮನ ದುಂಡಗಿನ ಅಕ್ಷರ. ಒಂದೇ ಒಂದು ಚಿತ್ತೂ ಇರಲಿಲ್ಲ. ಕಳೆದ ಮೇಲೆ ಎಲ್ಲ ಮೊಳೆಗಳೂ ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಬಂದು ಕೂತವು. ಲೆಕ್ಕದಲ್ಲಿ ಲೋಪವಿರಲಿಲ್ಲ, ಅದೇ ಅವಳ ಮನಸ್ಸಿಗೆ ಒಗ್ಗಲಿಲ್ಲ.

“ಇದು ಯಾಕೆ ಕಡಿಮೆ ಆಗೋದೇ ಇಲ್ಲ, ಚಿಕ್ಕಮ್ಮ?”

“ನಿನ್ನ ಪ್ರಶ್ನೆಗಳು ಕಡಿಮೆ ಆಗ್ತವಾ?” ಎಂದು ಚಿಕ್ಕಮ್ಮ ಪೆನ್ಸಿಲ್ ಕೊರೆಯುತ್ತ ಹೇಳಿದಳು. ಅವಳ ಮೇಜಿನ ಮೇಲ್ಭಾಗದಲ್ಲಿ, ಸೂರಿಗೆ ತಾಗಿದಂತೆ, ಅಡ್ಡನೆಯ ಕಿಟಕಿಯೊಂದಿತ್ತು. ಬೀದಿಯಲ್ಲಿ ಹೋಗುವವರ ಮೊಣಕಾಲು ಅದರಲ್ಲಿ ಕಾಣುತ್ತಿತ್ತು. ಹುಡುಗಿ ಅತ್ತ ನೋಡುವುದನ್ನು ಕಂಡು ಚಿಕ್ಕಮ್ಮ ನಕ್ಕಳು. “ನಾನು ಸೇರಿದಾಗ ಸೊಂಟ ಕಾಣ್ತಿತ್ತು. ಯಾರ ಸೀರೆ ಯಾವುದು ಅಂತ ಇಲ್ಲಿಂದಲೇ ಹೇಳ್ತಿದ್ದೆ. ಈಗ ಬರೀ ಮೊಣಕಾಲು. ವಯಸ್ಸಾದ ಹಾಗೆ ಮನುಷ್ಯ ಕುಗ್ತಾನಲ್ಲ.”

ಹುಡುಗಿ ಚಿಕ್ಕಮ್ಮನ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು. ಕಳೆದ ವರ್ಷವಷ್ಟೇ ಅವಳು ಎತ್ತರದಲ್ಲಿ ಚಿಕ್ಕಮ್ಮನ ಸಮಕ್ಕೆ ಬಂದಿದ್ದಳು. ಅವಳಿಗೂ ಮೊಣಕಾಲೇ ಕಾಣುತ್ತಿತ್ತು.

ಮುಂಬಾಗಿಲಿನ ಎದುರಿಗೂ ವಿಚಿತ್ರವೊಂದಿತ್ತು. ಬೀದಿಯಿಂದ ಬಾಗಿಲಿಗೆ ಇದ್ದುದು ಮೂರು ಮೆಟ್ಟಿಲು. ಆದರೆ ಪಕ್ಕದ ಕಬ್ಬಿಣದ ಕೈಕಂಬಿ ಮೆಟ್ಟಿಲಿರುವಲ್ಲಿಗೆ ನಿಲ್ಲದೆ, ಸಮತಟ್ಟಾದ ಕಾಲುದಾರಿಯ ಮೇಲೆ ನಾಲ್ಕು ಹೆಜ್ಜೆ ಮುಂದಕ್ಕೆ ಇಳಿಜಾರಾಗಿ ಚಾಚಿಕೊಂಡಿತ್ತು. ಅದರ ತುದಿ ನೆಲದಿಂದ ಒಂದು ಗೇಣು ಎತ್ತರದಲ್ಲಿತ್ತು. ಕಚೇರಿಯವರೆಲ್ಲರೂ ಬೆಳಗ್ಗೆ ಬಂದೊಡನೆ ಆ ತುದಿಗೆ ಬಗ್ಗಿ, ಕಂಬಿಯನ್ನು ಹಿಡಿದು, ಬರೀ ನೆಲದ ಮೇಲೆ ನಾಲ್ಕು ಹೆಜ್ಜೆ ಮೆಲ್ಲನೆ ಏರುವವರಂತೆ ನಡೆದು, ಆಮೇಲೆ ನಿಜವಾದ ಮೆಟ್ಟಿಲನ್ನು ಹತ್ತುತ್ತಿದ್ದರು. ಹಾಗೆ ಮಾಡುತ್ತೇವೆಂಬ ಪರಿವೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಕಾಗದ ಕೊಡಲು ಬಂದ ಆಸ್ಪತ್ರೆಯ ಆಯಾ ಒಮ್ಮೆ ಅವಳನ್ನು ತಡೆದು, “ನಿಮ್ಮಲ್ಲಿ ಒಳಗೆ ಹೋಗೋ ಮುಂಚೆ ನಮಸ್ಕಾರ ಮಾಡ್ಬೇಕಾ ತಾಯಿ? ನಾನೂ ಮಾಡ್ಲಾ?” ಎಂದು ಕೇಳಿದಳು. ಹುಡುಗಿ ನಗಲು ಹೊರಟವಳು ನಿಂತಳು. ಅವಳ ಸ್ವಂತ ಕೈ ಆಗ ಆ ಕಂಬಿಯ ಮೇಲಿತ್ತು; ಬೆನ್ನು ಬಾಗಿತ್ತು. ಬಂದು ಮೂರು ವಾರವೂ ಆಗಿರಲಿಲ್ಲ.

ಅಂದು ಮಧ್ಯಾಹ್ನ ಅವಳು ನಕಾಶೆ ಕೋಣೆಯ ಹಿಂದಿನ ಕಪಾಟಿನಲ್ಲಿ ಆ ಕಚೇರಿಯದೇ ನಕಾಶೆಯನ್ನು ಹುಡುಕಿ ತೆಗೆದಳು. ಮುಂಬಾಗಿಲಿಗೆ ಏಳು ಮೆಟ್ಟಿಲುಗಳನ್ನು ಬರೆದಿತ್ತು. ಒಂದೊಂದೂ ನೂರ ಅರವತ್ತು ಮಿಲಿಮೀಟರ್. ಏಳರಲ್ಲಿ ಮೂರು ಉಳಿದಿವೆ, ನಾಲ್ಕು ಇಲ್ಲ. ಮೆಟ್ಟಿಲಿಗೆ ನೂರ ಅರವತ್ತರಂತೆ ನಾಲ್ಕಕ್ಕೆ ಆರು ನೂರ ನಲವತ್ತು. ಅವಳು ನಕಾಶೆಯನ್ನು ಸುತ್ತಿಟ್ಟು, ತಂಪಾದ ನೆಲದ ಮೇಲೆ ಅಂಗೈ ಊರಿ ಕುಳಿತಳು. ನೆಲ ಗಟ್ಟಿಯಾಗಿತ್ತು. ಗೋಡೆಯಲ್ಲಿ ಒಂದು ಕೂದಲಿನಷ್ಟು ಬಿರುಕೂ ಇರಲಿಲ್ಲ. ನೀರಿನಲ್ಲಿ ತುಂಬಿದ ಕೊಡ ಮುಳುಗುವ ಹಾಗೆ, ಯಾವ ಕಡೆಗೂ ವಾಲದೆ, ಅದು ನೇರವಾಗಿ ಇಳಿದಿತ್ತು.

ಹೇಳಬೇಕೆಂದುಕೊಂಡಳು. ಆದರೆ ನಲವತ್ತು ವರ್ಷ ನಿಧಾನವಾಗಿ ಇಳಿದದ್ದು ತಾನು ಪತ್ರ ಪಡೆದು ಹೋಗುವ ತನಕ ಹಾಗೆಯೇ ಇಳಿಯಲಿ ಎಂದು ಮನಸ್ಸು ಹಿಂದೇಟು ಹಾಕಿತು. ನಾಲ್ಕನೆಯ ವಾರದ ಮಂಗಳವಾರ ಆ ನೆಮ್ಮದಿ ಮುರಿಯಿತು. ಕಳೆಯಬೇಕಾದುದನ್ನು ಕಳೆದ ಮೇಲೂ ಎಲ್ಲ ಮೊಳೆಗಳೂ ಆರು ಮಿಲಿಮೀಟರ್ ಮೇಲೆ ನಿಂತವು. ಮೂರು ಸಲ ಓದಿದಳು. ಮೂರು ಸಲವೂ ಆರು.

ಮುಖ್ಯಸ್ಥೆ ಹಾಳೆಯನ್ನು ನೋಡಿ ಕನ್ನಡಕ ತೆಗೆದಿಟ್ಟರು. “ಕಟ್ಟಡ ಇಳಿಯೋದು ನೋಡಿದೀನಿ. ಒಂದೇ ರಾತ್ರಿಯಲ್ಲಿ ಆರು ಮಿಲಿಮೀಟರ್ ಎದ್ದು ನಿಲ್ಲೋ ಆಸ್ಪತ್ರೆ ಇದೇ ಮೊದಲು.”

“ಆಸ್ಪತ್ರೆ ಒಂದೇ ಅಲ್ಲ ಮೇಡಮ್. ಎಲ್ಲಾ ಎದ್ದಿವೆ.”

“ಎಲ್ಲಾ ತಪ್ಪು ಅಂದ್ರೆ ಓದಿದವರದ್ದು ಒಂದೇ ತಪ್ಪು ಅಂತ ಅರ್ಥ. ನಾಳೆ ಹೀಗೇ ಬಂದ್ರೆ ನೀನು ಒಳಗೆ ಕೂತು ಹಾಳೆ ಜೋಡಿಸು, ಹೊರಗೆ ಹೋಗ್ಬೇಡ. ಪತ್ರದಲ್ಲಿ ಏನು ಬರೀಬೇಕು ಅಂತ ಆಮೇಲೆ ನೋಡೋಣ.”

ಸರ್ವೇಯರ್ ಕಿಟಕಿಯತ್ತ ಮುಖ ತಿರುಗಿಸಿ ನಿಂತರು. ಓದಿದ್ದು ಅವಳು ಎಂದು ಮುಖ್ಯಸ್ಥೆಗೆ ಗೊತ್ತೇ ಇತ್ತು.

ಆ ಸಂಜೆ ಮನೆಯಲ್ಲಿ ಅವಳು ಚಿಕ್ಕಮ್ಮನ ಎದುರು ಎಲ್ಲವನ್ನೂ ಬಿಚ್ಚಿಟ್ಟಳು: ಮೆಟ್ಟಿಲು, ಕಂಬಿ, ಕಿಟಕಿ, ಪುಸ್ತಕ. ಮೊಳೆಗಳು ಒಂದಕ್ಕೊಂದು ಹೋಲಿಸಿದರೆ ಕೂದಲಷ್ಟೂ ಕದಲಿಲ್ಲ ಎಂದಳು.

“ಮೂರು ಕಟ್ಟಡ ಸೇರಿ ಮಾತಾಡ್ಕೊಂಡು ಒಟ್ಟಿಗೆ ಏಳ್ತವಾ, ಚಿಕ್ಕಮ್ಮ? ಇಳೀತಿರೋದು ನಾವು.”

ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದ ಚಿಕ್ಕಮ್ಮ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

“ಇಪ್ಪತ್ತೆರಡು ವರ್ಷ ಆ ಪುಸ್ತಕ ಬರೆದವಳು ನಾನು,” ಎಂದಳು ಕೊನೆಗೆ. “ಅದರಲ್ಲಿ ತಪ್ಪು ಕಂಡ್ಯಾ?”

“ಇಲ್ಲ. ಒಂದೂ ಇಲ್ಲ.”

“ಮತ್ತೆ?”

“ನಾಳೆ ಕೆಳಗಿನ ಕೋಣೆಗೆ ಹೋಗ್ಬೇಡ. ಜ್ವರ ಅಂತ ಹೇಳು.”

“ಇವತ್ತಿನವರೆಗೆ ಸುಳ್ಳು ರಜೆ ಹಾಕಿಲ್ಲ. ಈಗ ಹದಿನೈದು ವರ್ಷದ ಹುಡುಗಿ ಹೇಳಿದ್ಲು ಅಂತ ಹಾಕ್ಲಾ? ಮಲಗು ಹೋಗು.”

ಬುಧವಾರ ಎಲ್ಲ ಮೊಳೆಗಳೂ ಮತ್ತೆ ಒಂಬತ್ತು ಮಿಲಿಮೀಟರ್ ಎದ್ದಿದ್ದವು. ಮುಖ್ಯಸ್ಥೆ ಯಾರನ್ನೂ ಬೈಯಲಿಲ್ಲ. ನೆಲಮಾಳಿಗೆಗೆ ಚೀಟಿ ಕಳಿಸಿದರು. ಮಧ್ಯಾಹ್ನದೊಳಗೆ ತಿದ್ದುಪಡಿ ಪುಸ್ತಕದ ಕೊನೆಯ ಸಾಲು ಚಿಕ್ಕಮ್ಮನ ದುಂಡನೆಯ ಅಕ್ಷರದಲ್ಲಿ ಆರು ನೂರ ಅರವತ್ತೆರಡಾಯಿತು. ಆಸ್ಪತ್ರೆ, ಗ್ರಂಥಾಲಯ, ಚಿತ್ರಮಂದಿರ ಮೂರೂ ತಮ್ಮ ಜಾಗಕ್ಕೆ ಮರಳಿದವು. ಕಚೇರಿ ನಿರಾಳವಾಯಿತು. ಯಾರೋ ಹಾಸ್ಯ ಮಾಡಿದರು, ಯಾರೋ ಚಹಾ ತರಿಸಿದರು. ಏಳುವ ಕಟ್ಟಡದ ಬಗ್ಗೆ ಗೋಡೆಯ ಮೇಲಿನ ನಿಯಮ ಏನನ್ನೂ ಹೇಳುತ್ತಿರಲಿಲ್ಲ. ಹುಡುಗಿಗೆ ನೆಲಮಾಳಿಗೆಯಲ್ಲಿ ಹಾಳೆ ಜೋಡಿಸುವ ಕೆಲಸ ಬಿತ್ತು. ಕೂತಲ್ಲಿಂದ ಕಿಟಕಿ ನೋಡಿದಳು. ಮೊಣಕಾಲು ಕಾಣುತ್ತಿರಲಿಲ್ಲ, ಅದರ ಕೆಳಗಿನದು ಮಾತ್ರ ಕಾಣುತ್ತಿತ್ತು.

ಗುರುವಾರ ಬೆಳಗ್ಗೆ ಅವಳು ಸರ್ವೇಯರಿಗಿಂತ ಮುಂಚೆ ಬಂದು ಬೀದಿಯಲ್ಲಿ ಕಾದಿದ್ದಳು.

“ಸಾರ್, ಒಂದೇ ಒಂದು ಸಲ. ಇವತ್ತು ಸೊನ್ನೆಯನ್ನ ಆಸ್ಪತ್ರೆ ಮೊಳೆಯಿಂದ ಹಿಡಿಯೋಣ. ನಮ್ಮ ಮೆಟ್ಟಿಲನ್ನ ಅಲ್ಲಿಂದ ಅಳೆಯೋಣ.”

“ಸೊನ್ನೆಯನ್ನ ಅಳೆಯೋದಾ? ಮರಿ ಇಂಜಿನಿಯರೇ, ತಕ್ಕಡೀನ ಯಾರಾದ್ರೂ ತೂಗ್ತಾರಾ?”

“ಮೂವತ್ತು ವರ್ಷದಲ್ಲಿ ನೀವು ಒಮ್ಮೆನೂ ತೂಗಲಿಲ್ವಾ?”

ಅವರು ಕೋಲನ್ನು ಹೆಗಲಿಗೇರಿಸಿದರು. ಆಸ್ಪತ್ರೆಯ ಮೊಳೆಯ ಮೇಲೆ ಮೊದಲ ಓದು. ಗ್ರಂಥಾಲಯದಲ್ಲಿ ಒಂದು, ಚಿತ್ರಮಂದಿರದಲ್ಲಿ ಒಂದು. ಮೂರೂ ಹಳೆಯ ಅಂತರಕ್ಕೆ ಸರಿಹೊಂದಿದವು. ಕೊನೆಗೆ ಸರ್ವೇಯರ್ ಮೂರು ಮೆಟ್ಟಿಲು ಹತ್ತಿ ಹಿತ್ತಾಳೆಯ ಗುಂಡಿಯ ಮೇಲೆ ಕೋಲು ಊರಿದರು. ಅವಳು ಓದಿದಳು, ನಿನ್ನೆಯ ಅಂಕಿಯ ಜೊತೆ ಹೋಲಿಸಿದಳು, ಮತ್ತೆ ಓದಿದಳು. ಆಮೇಲೆ ಪಕ್ಕಕ್ಕೆ ಸರಿದು, “ನೀವೇ ನೋಡಿ. ಒಳ್ಳೇ ಕಣ್ಣಲ್ಲಿ,” ಎಂದಳು.

ಅವರು ಕೋಲನ್ನು ಗುಂಡಿಯ ಮೇಲೆಯೇ ನೆಟ್ಟಗೆ ನಿಲ್ಲುವಂತೆ ಬಾಗಿಲ ಚೌಕಟ್ಟಿಗೆ ಆನಿಸಿ ಬಂದು ಎಡಗಣ್ಣಿಟ್ಟು ನೋಡಿದರು. ಅವರ ತುಟಿಯಂಚಿನಲ್ಲಿ ಸಿದ್ಧವಾಗಿದ್ದ ನಗೆ ಅಲ್ಲಿಯೇ ಉಳಿಯಿತು.

“ಎಷ್ಟು?” ಎಂದರು, ತಾವೇ ನೋಡಿದ್ದರೂ.

“ನಿನ್ನೆಯಿಂದ ಹದಿನಾಲ್ಕು. ಕೆಳಕ್ಕೆ.”

ಮುಖ್ಯಸ್ಥೆಯ ಮೇಜಿನ ಮೇಲೆ ಹತ್ತೂವರೆಗೆ ಇಟ್ಟ ಹಾಳೆಯಲ್ಲಿ ಹೆಸರಿರಲಿಲ್ಲ. ಎಂದಿನಂತೆ ಸಂಖ್ಯೆ ಮಾತ್ರ. ದಾಖಲೆಯಲ್ಲಿ ಕೊನೆಯ ಕಟ್ಟಡ ನೂರ ಹದಿನೇಳು. ಹುಡುಗಿ ಅದರ ಕೆಳಗೆ ನೂರ ಹದಿನೆಂಟು ಎಂದು ಬರೆದಿದ್ದಳು. ಸೊನ್ನೆ ಹಿಡಿದ ಜಾಗ: ನಲವತ್ತೊಂದರ ಮೊಳೆ. ಒಂದು ರಾತ್ರಿಯ ಇಳಿತ: ಹದಿನಾಲ್ಕು ಮಿಲಿಮೀಟರ್. ತೆರವಿಗೆ ಆದೇಶ: ಸಹಿಗಾಗಿ ಖಾಲಿ ಗೆರೆ.

ಮುಖ್ಯಸ್ಥೆ ಮೇಲಿನಿಂದ ಕೆಳಗಿನ ತನಕ ಓದಿದರು. ಪೆನ್ನು ಎತ್ತಿಕೊಂಡರು.

“ನೂರ ಹದಿನೆಂಟು ಹೊಸದಾ?”

“ಹೌದು ಮೇಡಮ್. ಇವತ್ತೇ ಸೇರಿಸಿದ್ದು.”

“ಒಳಗೆ ಜನ ಇದ್ದಾರಾ?”

“ಹನ್ನೊಂದು ಜನ. ಒಬ್ಬರು ನೆಲಮಾಳಿಗೆಯಲ್ಲಿ.”

ಪೆನ್ನಿನ ತುದಿ ಕಾಗದದ ಮೇಲೆ ಒಂದು ಬೆರಳಗಲದಲ್ಲಿ ನಿಂತಿತು. ಆ ಕಚೇರಿಯಲ್ಲಿ ಎಷ್ಟು ಜನ ಎಂದು ಮುಖ್ಯಸ್ಥೆಗೆ ಎಣಿಸಿ ತಿಳಿಯಬೇಕಾಗಿರಲಿಲ್ಲ. ಅವರ ಹಿಂದೆ ಗೋಡೆಯ ಮೇಲೆ ಹಿರಿಯರ ಭಾವಚಿತ್ರವಿತ್ತು. ಅವರು ತಿರುಗಿ ನೋಡಲಿಲ್ಲ. ಕಿಟಕಿಯಾಚೆ ಗಾಡಿಯೊಂದು ಹೋಯಿತು, ಅದರ ಸದ್ದು ಪೂರ್ತಿ ಕರಗಿತು. ಹುಡುಗಿಗೆ ತನ್ನ ಶಾಲೆಯ ಪತ್ರದ ನೆನಪು ಆಗ ಬರಲೇ ಇಲ್ಲ. ಕೆಳಗಿನ ಕೋಣೆಯಲ್ಲಿ ಪೆನ್ಸಿಲ್ ಕೊರೆಯುತ್ತಿರುವ ಒಂದು ಕೈ ಮಾತ್ರ ಕಣ್ಣ ಮುಂದಿತ್ತು.

“ಕೋಲು ಹಿಡಿದವರು ಯಾರು?”

“ನಾನು ಮೇಡಮ್,” ಎಂದರು ಬಾಗಿಲಲ್ಲಿದ್ದ ಸರ್ವೇಯರ್. “ಓದಿದ್ದು ಅವಳು. ಆಮೇಲೆ ನಾನೂ ಓದಿದೆ. ಅವಳ ಕಣ್ಣು ಸರಿ ಇದೆ. ಕೆಟ್ಟಿರೋದು ನನ್ನದು, ಅದನ್ನ ನಿಮಗೆ ಹೇಳಿರಲಿಲ್ಲ.”

ಮುಖ್ಯಸ್ಥೆ ಸಹಿ ಮಾಡಿದರು. ದಿನಾಂಕ ಹಾಕಿದರು, ವೇಳೆ ಬರೆದರು, ಶಾಯಿ ಆರುವ ತನಕ ಹಾಳೆಯನ್ನು ಹಿಡಿದುಕೊಂಡರು. ಅದನ್ನು ಕೈಗೆ ಕೊಡುವಾಗ ಅವರ ದನಿ ಎಂದಿನಂತೆಯೇ ಇತ್ತು.

“ಯಾಕೆ ನಿಂತಿದೀಯ? ನಿಯಮ ಓದಿಲ್ವಾ?”

ಸರ್ವೇಯರ್ ಹಾಳೆಯನ್ನು ಎತ್ತಿ ಹಿಡಿದು ಮೇಜಿಂದ ಮೇಜಿಗೆ ನಡೆದರು. ಸಹಿ ಕಂಡ ಕೂಡಲೇ ಜನ ಎದ್ದರು. ಆ ಕಚೇರಿಯಲ್ಲಿ ಆ ಸಹಿಯ ಎದುರು ವಾದಿಸಿದವರು ಯಾರೂ ಇರಲಿಲ್ಲ. ಹೊರಗೆ ಬಂದ ಮೇಲಷ್ಟೇ ಒಬ್ಬಿಬ್ಬರು, ಅರ್ಧ ಕುಡಿದ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ, ಇದು ಯಾವ ಕಟ್ಟಡದ ಆದೇಶ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಹುಡುಗಿ ನೆಲಮಾಳಿಗೆಗೆ ಇಳಿದಳು. ಚಿಕ್ಕಮ್ಮ ಮೇಜಿನ ಮುಂದೆ ಎದ್ದು ನಿಂತಿದ್ದಳು, ಕೆಲಸ ಮಾಡುತ್ತಿರಲಿಲ್ಲ. ಕಿಟಕಿಯಲ್ಲಿ ಈಗ ಪಾದಗಳು ಮಾತ್ರ ಕಾಣುತ್ತಿದ್ದವು. ಹೊರಗೆ ನಿಂತ ಸಹೋದ್ಯೋಗಿಗಳ ಪಾದಗಳು, ಎಲ್ಲವೂ ಇತ್ತ ತಿರುಗಿದ್ದವು.

“ಬಾ ಚಿಕ್ಕಮ್ಮ. ಸಹಿ ಆಗಿದೆ.”

“ಇದನ್ನೆಲ್ಲಾ ಬಿಟ್ಟು?” ಗೋಡೆಯ ತುಂಬ ಸುರುಳಿ ಸುತ್ತಿದ ನಕಾಶೆಗಳಿದ್ದವು, ನಲವತ್ತು ವರ್ಷದವು. “ಒಂದು ಗಂಟೆ ಕೊಡು. ಮೇಲಿನ ಸಾಲಿನವನ್ನಾದ್ರೂ ಕಟ್ಟಿಕೊಳ್ತೀನಿ.”

“ನಿನ್ನೆ ಮೊಣಕಾಲಿನ ಕೆಳಗೆ ಕಾಣ್ತಿತ್ತು. ಈಗ ನೋಡು.”

ಚಿಕ್ಕಮ್ಮ ನೋಡಿದಳು. ಅವರಿಬ್ಬರೂ ನೋಡುತ್ತಿರುವಂತೆಯೇ ಒಂದು ಪಾದದ ಹೆಬ್ಬೆರಳು, ಯಾರೂ ಕದಲಿಸದೆ, ಗಾಜಿನ ಕೆಳ ಅಂಚಿನಿಂದ ಮೇಲಂಚಿನ ಕಡೆಗೆ ಸಾಗುತ್ತಿತ್ತು; ಗಡಿಯಾರದ ದೊಡ್ಡ ಮುಳ್ಳಿನ ಹಾಗೆ, ಚಲನೆ ಕಾಣದೆ, ಜಾಗ ಬದಲಾಗಿದ್ದು ಮಾತ್ರ ಕಾಣುವಂತೆ. ಹೆಬ್ಬೆರಳಿನ ಕೆಳಗೆ ಕಾಲುದಾರಿಯ ಕಲ್ಲು ಬಂತು. ಕಲ್ಲಿನ ಕೆಳಗೆ ಒದ್ದೆಯಾದ ಕಪ್ಪು ಮಣ್ಣು ಬಂತು. ಸದ್ದೇ ಇರಲಿಲ್ಲ.

“ಪುಟ್ಟಿ,” ಎಂದಳು ಚಿಕ್ಕಮ್ಮ. ಕಚೇರಿಯೊಳಗೆ ಆ ಹೆಸರಿನಿಂದ ಅವಳು ಎಂದೂ ಕರೆದಿರಲಿಲ್ಲ. “ನನ್ನ ಕೈ ಹಿಡ್ಕೋ.”

ಹುಡುಗಿ ಅವಳನ್ನು ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು. ಪಡಸಾಲೆ ದಾಟಿ ಮುಂಬಾಗಿಲಿಗೆ ಬಂದಾಗ ಇಳಿಯಬೇಕಾದ ಮೆಟ್ಟಿಲು ಒಂದೂ ಇರಲಿಲ್ಲ. ಬೀದಿ ಹೊಸ್ತಿಲಿಗೆ ಸಮನಾಗಿತ್ತು. ಅವರ ಬೆನ್ನಿಗೆ ಮುಖ್ಯಸ್ಥೆ ಬಂದರು. ಎಲ್ಲ ಕೋಣೆಗಳನ್ನೂ ಒಂದೊಂದಾಗಿ ನೋಡಿ, ದೀಪ ಆರಿಸಿ ಬಂದಿದ್ದರು. ಅವರು ಬೀದಿಗೆ ಬರಲು ಒಂದು ಹೆಜ್ಜೆ ಮೇಲಕ್ಕೆ ಹತ್ತಬೇಕಾಯಿತು.

ಬಿಸಿಲು ಚೆನ್ನಾಗಿತ್ತು. ಹನ್ನೊಂದು ಜನರೂ, ಹುಡುಗಿಯೂ ಎದುರಿನ ಕಾಲುದಾರಿಯಲ್ಲಿ ನಿಂತರು. ಕಟ್ಟಡ ಬೀಳಲಿಲ್ಲ, ಬಿರಿಯಲಿಲ್ಲ, ಧೂಳೆಬ್ಬಿಸಲಿಲ್ಲ. ಬಹಳ ದಣಿದವರು ಯಾರಿಗೂ ತೊಂದರೆ ಕೊಡದೆ ಕುಳಿತುಕೊಳ್ಳುವ ಹಾಗೆ ಇಳಿಯುತ್ತಿತ್ತು. ಹಾದುಹೋಗುವವರು ಒಮ್ಮೆ ಅತ್ತ ನೋಡಿ, ಏನೂ ಕಾಣದೆ ಮುಂದೆ ನಡೆದರು. ಚಿಕ್ಕಮ್ಮ ಹುಡುಗಿಯ ಮಣಿಕಟ್ಟನ್ನು ಹಿಡಿದ ಹಿಡಿತ ಬಿಟ್ಟಿರಲಿಲ್ಲ. ಅಲ್ಲಿ ಆಗಲೇ ಕೆಂಪು ಗುರುತು ಬಿದ್ದಿತ್ತು.

ಆಗ ಒಳಗೆ ಫೋನು ರಿಂಗಣಿಸತೊಡಗಿತು.

“ಹನ್ನೊಂದು ಗಂಟೆ,” ಎಂದರು ಸರ್ವೇಯರ್. “ಆಸ್ಪತ್ರೆಯವರು. ಇವತ್ತಿನ ಅಂಕಿ ಕೇಳೋಕೆ.” ಹೇಳುತ್ತಲೇ ಅವರ ಕಾಲು ರಸ್ತೆಗಿಳಿಯಿತು. ಚಿಕ್ಕಮ್ಮ ಇನ್ನೊಂದು ಕೈಯಿಂದ ಅವರ ಅಂಗಿಯ ತೋಳನ್ನು ಹಿಡಿದಳು.

“ಎಲ್ಲಿಗೆ ಹೊರಟ್ರಿ?”

“ಯಾರಾದ್ರೂ ಎತ್ತಬೇಕಲ್ಲ,” ಎಂದರು ಅವರು. ಆಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿದಂತೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಮುಖ್ಯಸ್ಥೆ ಹುಡುಗಿಯತ್ತ ತಿರುಗಿದರು. “ನೀನೇ ಹೋಗಿ ಬಾಯಲ್ಲೇ ಹೇಳು. ಆಸ್ಪತ್ರೆ ಇದ್ದಲ್ಲೇ ಇದೆ ಅಂತ. ಹೆಸರು ಹಿಡಿದೇ ಹೇಳು, ಸಂಖ್ಯೆ ಬೇಡ.”

ಚಿಕ್ಕಮ್ಮನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಹುಡುಗಿ ಬೀದಿಯ ಕೊನೆಯವರೆಗೆ ಬಿರುಸಾಗಿ ನಡೆದು, ತಿರುವಿನಲ್ಲಿ ಒಮ್ಮೆ ನಿಂತು ಹಿಂದೆ ನೋಡಿದಳು. ಅವರು ಹನ್ನೊಂದು ಜನರೂ ಅಲ್ಲಿದ್ದರು, ಅವಳು ಎಣಿಸಿದಳು. ಫೋನು ಇನ್ನೂ ರಿಂಗಣಿಸುತ್ತಲೇ ಇತ್ತು. ಅದರ ಸದ್ದು ಬರುತ್ತಿದ್ದುದು ರಸ್ತೆಯ ಆಚೆಯಿಂದಲ್ಲ, ಅವಳ ಪಾದದ ಕೆಳಗಿನಿಂದ.